ಹಬ್ಬದ ತೊಟ್ಟಿಲು

ತಮ್ಮೂರಿನ ಜಾತ್ರೆಯಲ್ಲಿ ತಾವು ಮೊದಲ ಬಾರಿಗೆ ತೊಟ್ಟಿಲೇರಿದ್ದು ಯಾವಾಗ? ಸ್ವಲ್ಪ ನೆನಪು ಮಾಡಿಕೊಳ್ಳಿ. ನಾನು ಹೇಳುತ್ತಿರುವುದು ಮಗುವನ್ನು ಮಲಗಿಸುವ ತೊಟ್ಟಿಲಲ್ಲ. ಎರಡು ಕಂಬಗಳ ನಡುವೆ ಮೇಲಕ್ಕೂ ಕೆಳಕ್ಕೂ ಸುತ್ತುವ ಮರದ ತೊಟ್ಟಿಲು. ನಮ್ಮ ಕುಂದಾಪುರ, ಬ್ರಹ್ಮಾವರದ ಕಡೆ ಜಾತ್ರೆಗೆ ಹಬ್ಬವೆಂದೇ ಹೆಸರು. ಹಬ್ಬಕ್ಕೆ ಹೋಗಿ ಬಂದ ಮಕ್ಕಳನ್ನು ಯಾರೂ ‘ದೇವರನ್ನು ಕಂಡೆಯಾ’ ಎಂದು ಮೊದಲು ಕೇಳುತ್ತಿರಲಿಲ್ಲ. ‘ತೊಟ್ಟಿಲು ಹತ್ತಿದೆಯಾ’ ಎಂದೇ ಕೇಳುತ್ತಿದ್ದರು.

ಕಳೆದ ರಜೆಯಲ್ಲಿ ನನ್ನ ಮೊಮ್ಮಗಳು ಬೆಂಗಳೂರಿನಿಂದ ಕೊಕ್ಕರ್ಣೆಗೆ ಬಂದಿದ್ದಳು. ಬರುವ ಮುನ್ನ ಅವಳನ್ನು ಬಿಡದಿಯ ಹತ್ತಿರದ ವಂಡರ್‌ಲಾ ಎಂಬ ವಿನೋದ ಉದ್ಯಾನಕ್ಕೆ ಶಾಲೆಯವರು ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ತಲೆಕೆಳಗಾಗಿ ತಿರುಗಿದ್ದು, ನೀರಿನಲ್ಲಿ ಜಾರಿದ್ದು, ಕತ್ತಲೆಯಲ್ಲಿ ಓಡಿದ್ದು ಎಲ್ಲವನ್ನೂ ವರ್ಣಿಸಿ, ಕೊನೆಗೆ ನನ್ನ ಮೇಲೆ ಕನಿಕರಪಟ್ಟು, ‘ಅಜ್ಜಯ್ಯ, ನೀವು ಚಿಕ್ಕವರಿರುವಾಗ ಇಂಥದ್ದು ಏನೂ ಇರಲಿಲ್ಲ ಅಲ್ಲವಾ?’ ಎಂದು ಕೇಳಿದಳು. ನನಗೆ ಸ್ವಲ್ಪ ರೋಷ ಬಂತು. ಇಲ್ಲದೆ ಏನು? ನಮಗೂ ಒಂದು ಇತ್ತು, ಒಂದೇ ಇತ್ತು. ಅದರ ಕತೆಯನ್ನು ಅವಳಿಗೆ ಹೇಳಹೊರಟವನು ಈಗ ತಮಗೂ ಹೇಳುತ್ತಿದ್ದೇನೆ.

ನಾನು ಹೇಳುವುದು 1971ರ ಮಾತು. ಆಗ ಕೊಕ್ಕರ್ಣೆ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲೂಕಿನಲ್ಲಿತ್ತು. ಉಡುಪಿಯೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಬ್ರಹ್ಮಾವರ ತಾಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಅತ್ತ ಸೂರಾಲಿನ ಮಣ್ಣಿನ ಅರಮನೆ, ಇತ್ತ ಮಂದಾರ್ತಿಯ ದುರ್ಗಾಪರಮೇಶ್ವರಿ, ನಡುವೆ ಗದ್ದೆ, ತೋಡು, ಹಾಡಿ. ನನಗಾಗ ಎಂಟು ವರ್ಷ. ಫೆಬ್ರವರಿಯಲ್ಲಿ ಮಂದಾರ್ತಿ ಹಬ್ಬ ಬರುವುದೆಂದರೆ ಕಟಾವಾದ ಗದ್ದೆಯಲ್ಲಿ ನಡೆದುಹೋಗುವ ಜನರ ಸಾಲನ್ನು ನೋಡಿದರೇ ತಿಳಿಯುತ್ತಿತ್ತು. ಗರ್ನಾಲಿನ ಸದ್ದು ಕೇಳಿದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

ಹಬ್ಬದ ಗದ್ದೆಯಲ್ಲಿ ಬಳೆಯಂಗಡಿ, ಬೆಂಡು ಬತ್ತಾಸಿನ ಅಂಗಡಿ, ಹೆಚ್ಚಿಟ್ಟ ಬಚ್ಚಂಗಾಯಿ, ಇವನ್ನೆಲ್ಲ ದಾಟಿ ಹೋದರೆ ಮೂಲೆಯಲ್ಲಿ ತೊಟ್ಟಿಲು. ಅದರ ರಚನೆಯನ್ನು ಹೇಳಿಬಿಡುತ್ತೇನೆ. ಕಂಡವರಿಗೆ ನೆನಪಾಗಲಿ, ಕಾಣದವರಿಗೆ ತಿಳಿಯಲಿ. ನೆಲದಲ್ಲಿ ಹೂತು ಅಡ್ಡಗಾಲು ಕೊಟ್ಟು ನಿಲ್ಲಿಸಿದ ಎರಡು ಜೊತೆ ಕಂಬಗಳು. ಅವುಗಳ ತಲೆಯ ಮೇಲೆ, ಒಂಬತ್ತಡಿ ಎತ್ತರದಲ್ಲಿ, ಒಂದು ಅಚ್ಚು. ನಮ್ಮೂರಿನ ತೊಟ್ಟಿಲಿನ ಅಚ್ಚು ಕಿರಾಲುಬೋಗಿ ಮರದ್ದು. ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಅಚ್ಚಿನ ಎರಡು ತುದಿಗಳಿಗೂ ಒಂದೊಂದು ಮರದ ಶಿಲುಬೆ. ಎದುರು ಬದುರಿನ ತೋಳುಗಳ ನಡುವೆ ಒಂದೊಂದರಂತೆ ನಾಲ್ಕು ಪೆಟ್ಟಿಗೆಗಳು ತೂಗುತ್ತಿದ್ದವು. ಒಂದೊಂದು ಪೆಟ್ಟಿಗೆಯಲ್ಲಿ ಇಬ್ಬರು ದೊಡ್ಡವರು ಇಲ್ಲವೆ ಮೂವರು ಮಕ್ಕಳು. ಅಲ್ಲಿಗೆ ಮುಗಿಯಿತು. ಎಂಜಿನಿಲ್ಲ, ಮೋಟಾರಿಲ್ಲ. ಕೆಳಗೆ ನಿಂತ ಒಬ್ಬ ಮನುಷ್ಯ ಇಳಿದುಬರುವ ಪೆಟ್ಟಿಗೆಯ ತೋಳನ್ನು ಹಿಡಿದು ಕೆಳಕ್ಕೆ ಜಗ್ಗಿ ಬಿಡುತ್ತಿದ್ದ. ಅದು ಹೋಯಿತೆನ್ನುವಾಗ ಮುಂದಿನದು ಬರುತ್ತಿತ್ತು, ಅದನ್ನೂ ಜಗ್ಗುತ್ತಿದ್ದ. ಹೀಗೆ ಬೆಳಗಿನಿಂದ ನಡುರಾತ್ರಿಯವರೆಗೆ.

ಆ ಮನುಷ್ಯನನ್ನು ನಾವು ಮಕ್ಕಳು ತೊಟ್ಟಿಲಣ್ಣ ಎಂದು ಕರೆಯುತ್ತಿದ್ದೆವು. ಅವರ ನಿಜವಾದ ಹೆಸರು ಇಲ್ಲಿ ಬೇಡ. ಹಬ್ಬದ ಗದ್ದೆಯಲ್ಲಿ ಅದನ್ನು ತಿಳಿದವರೂ ಇರಲಿಲ್ಲ. ಯಕ್ಷಗಾನ ಮೇಳಗಳಿಗಿದ್ದಂತೆ ಅವರಿಗೂ ಒಂದು ತಿರುಗಾಟವಿತ್ತು. ನವೆಂಬರ್, ಡಿಸೆಂಬರಿನಲ್ಲಿ ಕೋಟೇಶ್ವರದ ಕೊಡಿ ಹಬ್ಬ. ಹೊಸದಾಗಿ ಮದುವೆಯಾದ ಜೋಡಿಗಳು ಅಲ್ಲಿಗೆ ಹೋಗಿ ಕಬ್ಬಿನ ಕೊಡಿಯನ್ನು ಮನೆಗೆ ತರುವ ಸಂಪ್ರದಾಯ ತಮಗೆ ಗೊತ್ತೇ ಇದೆ. ಜನವರಿಯಲ್ಲಿ ಮಾರಣಕಟ್ಟೆ, ಸಾಲಿಗ್ರಾಮ. ಫೆಬ್ರವರಿಯಲ್ಲಿ ಮಂದಾರ್ತಿ. ಮಾರ್ಚಿನ ಹೊತ್ತಿಗೆ ಕೊಲ್ಲೂರು. ಎತ್ತಿನಗಾಡಿಯಲ್ಲಿ ಮರಗಳನ್ನು ಹೇರಿಕೊಂಡು, ಊರಿಂದೂರಿಗೆ ಹೋಗಿ, ಹೊಂಡ ತೋಡಿ, ಕಂಬ ನಿಲ್ಲಿಸಿ, ಹಬ್ಬ ಮುಗಿದ ಮರುದಿನ ಕಿತ್ತು ಹೊರಡುವುದು. ಮಳೆಗಾಲ ಬಂತೆಂದರೆ ತೊಟ್ಟಿಲು ಕೊಟ್ಟಿಗೆಯ ಅಟ್ಟ ಸೇರುತ್ತಿತ್ತು, ತೊಟ್ಟಿಲಣ್ಣ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು.

ನಾಲ್ಕು ಸುತ್ತಿಗೆ ಹತ್ತು ಪೈಸೆ. ಹತ್ತು ಪೈಸೆ ಎಲ್ಲಿಂದ ಬರಬೇಕು? ನನ್ನ ಅಬ್ಬಿ ಹಬ್ಬಕ್ಕೆಂದು ಕೊಡುತ್ತಿದ್ದುದು ಒಟ್ಟಿಗೆ ನಾಲ್ಕಾಣೆ. ಅದರಲ್ಲಿ ತಂಗಿಗೆ ಬಳೆ, ಅಜ್ಜಿಗೆ ಬತ್ತಾಸು, ಹಣ್ಣುಕಾಯಿಗೆ ಒಂದು ಪಾಲು. ಆದ್ದರಿಂದ ನಾನು ತೊಟ್ಟಿಲಿನ ಬಳಿ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದೆ. ಹೀಗೆ ನಿಂತಿದ್ದ ನನಗೆ ಒಂದು ಉದ್ಯೋಗ ಸಿಕ್ಕಿತು. ಅದು ನನ್ನ ಜೀವಮಾನದ ಮೊದಲ ಉದ್ಯೋಗ.

ಅದೇನೆಂದು ತಿಳಿಯಬೇಕಾದರೆ ತೊಟ್ಟಿಲಿನ ಒಂದು ಗುಟ್ಟು ತಿಳಿದಿರಬೇಕು. ಮೋಟಾರಿನ ಚಕ್ರಕ್ಕೆ ಯಾರು ಎಲ್ಲಿ ಕೂತರೂ ಅಷ್ಟೊಂದು ಲೆಕ್ಕವಿಲ್ಲ. ಕೈಯಿಂದ ತಿರುಗಿಸುವ ತೊಟ್ಟಿಲಿಗೆ ಉಂಟು. ಎದುರು ಬದುರಿನ ಪೆಟ್ಟಿಗೆಗಳ ತೂಕ ಸರಿಸಮವಾಗಿದ್ದರೆ ಎಂಟು ಮಂದಿಯನ್ನೂ ಒಬ್ಬನೇ ತಿರುಗಿಸಬಲ್ಲ. ಅಚ್ಚಿನ ತಿಕ್ಕಾಟವನ್ನು ಗೆದ್ದರೆ ಸಾಕು. ಒಂದು ಕಡೆ ಮಣಭಾರ ಹೆಚ್ಚಾಯಿತೋ, ಪ್ರತಿ ಸುತ್ತಿನಲ್ಲೂ ಆ ಮಣಭಾರವನ್ನು ನೆಲದಿಂದ ಆಕಾಶಕ್ಕೆ ಎತ್ತಬೇಕು. ಇಳಿಯುವಾಗ ಅದು ತಾನಾಗಿ ಧುಮುಕದಂತೆ ತಡೆಯಲೂ ಬೇಕು. ಆದುದರಿಂದ ತೊಟ್ಟಿಲಣ್ಣ ಜನರನ್ನು ಬಂದ ಸಾಲಿನಲ್ಲಿ ಹತ್ತಿಸುತ್ತಿರಲಿಲ್ಲ. ಬಂದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಿದ್ದರು. ಅಂಗಡಿಯವನ ತಕ್ಕಡಿಗಿಂತ ಅವರ ಕಣ್ಣು ಚೊಕ್ಕ. ದಪ್ಪನೆಯ ಶ್ಯಾನುಭೋಗರು ಒಂದು ಪೆಟ್ಟಿಗೆಯಲ್ಲಿ ಕೂತರೆ ಎದುರಿನ ಪೆಟ್ಟಿಗೆಗೆ ಗಂಡ, ಹೆಂಡತಿ, ಅವರ ಕೂಸು. ಒಮ್ಮೆ ಇಬ್ಬರು ಪೈಲ್ವಾನರಂಥವರು ಬಂದು ಕೂತರು. ಎದುರಿಗೆ ಕೂತವರು ಒಬ್ಬ ಮುದುಕಿ ಮತ್ತು ಒಂದು ಹುಡುಗಿ. ತೊಟ್ಟಿಲಣ್ಣ ಸುತ್ತಲೂ ನೋಡಿದರು. ಬಾಯಿ ಬಿಟ್ಟುಕೊಂಡು ನಿಂತ ನಾನು ಕಾಣಿಸಿದೆ.

‘ಏ ಮಾಣಿ, ಬಾ. ತೂಕಕ್ಕೆ ಕೂಕೋ’ ಎಂದರು.

ಅಂದಿನಿಂದ ನಾನು ತೂಕದ ಹುಡುಗನಾದೆ. ಎಲ್ಲಿ ಕೊರತೆಯೋ ಅಲ್ಲಿ ನಾನು. ನನ್ನ ತೂಕ ಎಷ್ಟಿತ್ತು ಮಹಾ! ಆದರೂ ‘ಮಾಣಿ ಕೂತ ಮೇಲೆ ತೊಟ್ಟಿಲು ಹಗುರ ಆಯ್ತ್’ ಎಂದು ಅವರು ಹೇಳಿದಾಗ ನನ್ನಿಂದ ಲೋಕವೇ ಸಮತೋಲವಾಗಿ ನಿಂತಿದೆಯೆಂದು ನನಗೆ ಅನಿಸುತ್ತಿತ್ತು. ನಾಲ್ಕೈದು ಹಬ್ಬಗಳಲ್ಲಿ ನಾನು ದುಡ್ಡು ಕೊಟ್ಟು ಹತ್ತಿದ್ದು ಎರಡೇ ಸಲ. ಉಳಿದದ್ದೆಲ್ಲ ತೂಕಕ್ಕೆ. ಈಗ ಯೋಚಿಸಿದರೆ ನನಗೊಂದು ಅನುಮಾನ. ಅಷ್ಟು ಸಲ ನಿಜವಾಗಿ ತೂಕ ಕಡಮೆಯಿತ್ತೇ? ಅಥವಾ ಹುಡುಗನ ಮುಖವನ್ನು ನೋಡಿಯೇ ತೂಕ ಕಡಮೆಯಾಗುತ್ತಿತ್ತೇ? ಇದನ್ನು ಮುಂದೆ ಹೇಳುತ್ತೇನೆ.

ಇನ್ನು ಆ ಸುಖದ ಮಾತು. ತೊಟ್ಟಿಲು ನೆತ್ತಿಗೆ ಹೋಗಿ ಇಳಿಯತೊಡಗುವಾಗ ಹೊಟ್ಟೆಯೊಳಗೆ ಏನೋ ಖಾಲಿಯಾದಂತೆ ‘ಝುಂ’ ಎನ್ನುತ್ತದೆಯಲ್ಲ, ಅದು. ಈಗಿನ ನೂರಡಿಯ ಜಯಂಟ್ ವೀಲಿನಲ್ಲಿ ಕುಳಿತೂ ನೋಡಿದ್ದೇನೆ. ಆ ಝುಂ ಅಲ್ಲಿ ಸಿಗಲಿಲ್ಲ. ಇದು ಮುದುಕನ ಗೊಣಗಾಟವೆಂದು ತಾವು ನಗಬಹುದು. ಹಾಗಾಗಬಾರದೆಂದು ಲೆಕ್ಕ ಹಾಕಿಯೇ ನೋಡಿದೆ. ನಾನು ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ನಮ್ಮ ತೊಟ್ಟಿಲಿನ ತೋಳು ಎರಡು ಮೀಟರು, ಎಂದರೆ ಆರೂವರೆ ಅಡಿ. ಭರದಿಂದ ತಿರುಗುವಾಗ 4 ಸೆಕೆಂಡಿಗೆ ಒಂದು ಸುತ್ತು. ಹಾಗೆ ಸುತ್ತುವಾಗ ನೆತ್ತಿಯಲ್ಲಿರುವವನಿಗೆ ತನ್ನ ತೂಕ ಅರ್ಧಕ್ಕೆ ಅರ್ಧ ಇಳಿದಂತೆ ತೋರುತ್ತದೆ. ಬುಡದಲ್ಲಿ ಒಂದೂವರೆ ಪಟ್ಟು ಆದಂತೆ ತೋರುತ್ತದೆ. ಅದೇ ಹದಿನೈದು ಮೀಟರ್ ತೋಳಿನ ದೊಡ್ಡ ಚಕ್ರ ಅರ್ಧ ನಿಮಿಷಕ್ಕೊಮ್ಮೆ ಸುತ್ತಿದರೆ ತೂಕದಲ್ಲಾಗುವ ಏರುಪೇರು ಹದಿನೈದರಲ್ಲಿ ಒಂದು ಪಾಲು ಮಾತ್ರ. ಲಂಡನ್ನಿನಲ್ಲಿ 2000ದಲ್ಲಿ ತೆರೆದ 135 ಮೀಟರ್ ಎತ್ತರದ ಚಕ್ರವಂತೂ ಒಂದು ಸುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಕುಳಿತವನಿಗೆ ಊರು ಕಾಣುತ್ತದೆಯೇ ಹೊರತು ಹೊಟ್ಟೆಗೆ ಏನೂ ತಿಳಿಯುವುದಿಲ್ಲ. ಎತ್ತರ ಬೇರೆ, ಝುಂ ಬೇರೆ. ಆದ್ದರಿಂದ ತಮ್ಮ ಮನೆಯ ಹಿರಿಯರು ಮರದ ತೊಟ್ಟಿಲೇ ಚೆನ್ನಾಗಿತ್ತೆಂದರೆ ಪೂರ್ತಿ ಸುಳ್ಳೆಂದು ತಳ್ಳಿಹಾಕಬೇಡಿ.

ಈ ಯಂತ್ರ ನಮ್ಮ ಕಡೆಯದ್ದೇ ಎಂದೇನೂ ನಾನು ಸಾಧಿಸಹೊರಟಿಲ್ಲ. ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿ 1620ರಲ್ಲಿ, ಈಗ ಬಲ್ಗೇರಿಯದಲ್ಲಿರುವ ಪ್ಲಾವ್‌ಡಿವ್ ಊರಿನ ಹಬ್ಬವೊಂದರಲ್ಲಿ ಮಕ್ಕಳನ್ನು ಕೂರಿಸಿ ಹೀಗೆ ಮೇಲೆ ಕೆಳಗೆ ತಿರುಗಿಸುವ ಚಕ್ರವನ್ನು ಕಂಡು ಬರೆದಿಟ್ಟಿದ್ದಾನೆ. ಕೈಯ ಚಕ್ರ ಉಕ್ಕಿನ ಚಕ್ರವಾಗಿ ಬೆಳೆದದ್ದು 1893ರಲ್ಲಿ, ಅಮೆರಿಕದ ಶಿಕಾಗೊ ನಗರದ ಮಹಾ ಪ್ರದರ್ಶನದಲ್ಲಿ. ಅದೇ ವರ್ಷ ಅದೇ ಊರಿನ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ತಮಗೆ ನೆನಪಿರಬಹುದು. ಪ್ಯಾರಿಸ್ಸಿನವರು 1889ರಲ್ಲಿ ಐಫೆಲ್ ಗೋಪುರ ಕಟ್ಟಿದ್ದರಲ್ಲ, ಅದಕ್ಕೆ ಸಾಟಿಯಾದದ್ದು ತಮ್ಮಲ್ಲೂ ಇರಬೇಕೆಂದು ಅಮೆರಿಕದವರಿಗೆ ಹಟ. ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರ ನಿಲ್ಲಿಸಿದ. ಅದರಲ್ಲಿ 36 ಕೋಣೆಗಳು, ಒಂದೊಂದರಲ್ಲಿ 60 ಜನ. ಒಂದೇ ಬಾರಿಗೆ 2,160 ಜನ ಆಕಾಶಕ್ಕೇರಬಹುದಾಗಿತ್ತು. ಆದರೆ ಕತೆಯ ಕೊನೆ ಕೇಳಿ. ಮೂರೇ ವರ್ಷಗಳಲ್ಲಿ, 1896ರಲ್ಲಿ, ಫೆರಿಸ್ ವಿಷಮಶೀತ ಜ್ವರದಿಂದ ತೀರಿಕೊಂಡ. ಆಗ ಅವನ ವಯಸ್ಸು 37. ಅವನ ಚಕ್ರವನ್ನು ಊರು ಬದಲಿಸಿ ನಿಲ್ಲಿಸಿ ನೋಡಿದರು. ಕೊನೆಗೆ 1906ರಲ್ಲಿ ಸಿಡಿಮದ್ದಿಟ್ಟು ಉರುಳಿಸಿ ಗುಜರಿಗೆ ಹಾಕಿದರು.

ವಿಯೆನ್ನಾದಲ್ಲಿ 1897ರಲ್ಲಿ ಎದ್ದ ಚಕ್ರದ ಅದೃಷ್ಟ ಬೇರೆ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಅದು ಸುಟ್ಟುಹೋಯಿತು. ಊರಿನವರು ಬಿಡಲಿಲ್ಲ, ಯುದ್ಧ ಮುಗಿದೊಡನೆ, 30 ಕೋಣೆಗಳಿದ್ದಲ್ಲಿ 15ನ್ನು ತೂಗುಹಾಕಿ ಮತ್ತೆ ತಿರುಗಿಸಿದರು. ಇಂದಿಗೂ ಅದು ತಿರುಗುತ್ತಿದೆ. ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿನಲ್ಲಿ 1920ರ ಒಂದು ಮರದ ಆಟದ ರೈಲಿದೆ. ಹಳೆಯ ಕಟ್ಟಡಗಳನ್ನು ರಕ್ಷಿಸುವಂತೆ ಅದನ್ನೂ ಸರಕಾರದ ರಕ್ಷಣೆಯ ಪಟ್ಟಿಗೆ ಸೇರಿಸಿದ್ದರು. 2008ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಜನ ಹೋರಾಡಿ, ದುರಸ್ತಿ ಮಾಡಿಸಿ, 2015ರಲ್ಲಿ ಮತ್ತೆ ಓಡಿಸಿದರು.

ನಮ್ಮಲ್ಲಿ ಮುಚ್ಚಿದ್ದು ಮುಚ್ಚಿದ್ದೇ. ದೆಹಲಿಯ ಅಪ್ಪು ಘರ್ ದೇಶದ ಮೊದಲ ವಿನೋದ ಉದ್ಯಾನವೆನಿಸಿತ್ತು. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರು ಅದಕ್ಕೆ. 1984ರಲ್ಲಿ ತೆರೆದದ್ದು 2008ರಲ್ಲಿ ಮುಚ್ಚಿತು. ಮುಂಬಯಿಯ ಎಸ್ಸೆಲ್ ವರ್ಲ್ಡ್ ಇನ್ನೂ ಹತ್ತಿರದ ಮಾತು. ನಮ್ಮ ಕುಂದಾಪುರದ ಸೀಮೆಯಲ್ಲಿ ಮುಂಬಯಿಯ ಹೋಟೆಲಿಗೆ ಮಗನನ್ನು ಕಳಿಸದ ಮನೆಗಳು ಕಡಮೆ. ನಮ್ಮ ಅಣ್ಣಯ್ಯನೂ ಹಾಗೆ ಹೋದವನು. ಗೋರಾಯಿಯಲ್ಲಿ 1989ರಲ್ಲಿ ಅದು ತೆರೆದ ಮೇಲೆ, ವರ್ಷಕ್ಕೊಂದು ದಿನ ರಜೆ ಪಡೆದು, ಖಾಡಿಯನ್ನು ದೋಣಿಯಲ್ಲಿ ದಾಟಿಸಿ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ತಾನು ಮಾತ್ರ ಯಾವುದನ್ನೂ ಹತ್ತುತ್ತಿರಲಿಲ್ಲ. ಕೆಳಗೆ ಚಪ್ಪಲಿ ಕಾಯುತ್ತ ಕೂರುತ್ತಿದ್ದ. 2022ರಲ್ಲಿ ಅದರ ಬಾಗಿಲು ಹಾಕಿತೆಂಬ ಸುದ್ದಿ ಬಂದಾಗ ಅವನ ಮಗ, ಈಗ ತಾನೇ ಎರಡು ಮಕ್ಕಳ ತಂದೆ, ನನಗೆ ಫೋನು ಮಾಡಿ, ‘ಚಿಕ್ಕಯ್ಯ, ಅಪ್ಪಯ್ಯ ಕೂತಿರುತ್ತಿದ್ದ ಬೆಂಚು ಕಣ್ಣಿಗೆ ಕಟ್ಟುತ್ತಿದೆ’ ಎಂದ. ನೋಡಿ, ಆ ಕೋಟಿ ಬೆಲೆಯ ಯಂತ್ರಗಳಲ್ಲಿ ಅವನಿಗೆ ನೆನಪಾದದ್ದು ಒಂದು ಬೆಂಚು.

ನಮ್ಮ ಮರದ ತೊಟ್ಟಿಲು ನಿಂತದ್ದಕ್ಕೆ ಸುದ್ದಿಯೂ ಇಲ್ಲ, ಸಮಾರಂಭವೂ ಇಲ್ಲ. ಒಂದು ವರ್ಷ ಹಬ್ಬದ ಗದ್ದೆಗೆ ಲಾರಿಯಲ್ಲಿ ಕಬ್ಬಿಣದ ಜಯಂಟ್ ವೀಲು ಬಂತು. ಅದಕ್ಕೆ ಡೀಸೆಲ್ ಎಂಜಿನು, ಮೈತುಂಬ ಬಣ್ಣದ ದೀಪ. ತೊಟ್ಟಿಲಣ್ಣನವರ ತೊಟ್ಟಿಲು ಅದರ ನೆರಳಿನಲ್ಲಿ ಎರಡು ಹಬ್ಬ ತಿರುಗಿತು. ಮೂರನೆಯ ಹಬ್ಬಕ್ಕೆ ಬರಲಿಲ್ಲ. ನಾನಾಗ ಕಾಲೇಜಿನ ಹುಡುಗ. ನಿಜ ಹೇಳಬೇಕೆಂದರೆ, ಬರದಿದ್ದದ್ದು ನನ್ನ ಗಮನಕ್ಕೂ ಬರಲಿಲ್ಲ. ನಾನು ಗೆಳೆಯರ ಜೊತೆ ಕಬ್ಬಿಣದ ಚಕ್ರದ ಸಾಲಿನಲ್ಲಿ ನಿಂತಿದ್ದೆ.

ಮೊಮ್ಮಗಳಿಗೆ ಕತೆ ಹೇಳಿದೆನಲ್ಲ, ಅವಳು ಬಿಡಬೇಕೆ? ‘ಆ ತೊಟ್ಟಿಲು ಈಗ ಎಲ್ಲಿದೆ’ ಎಂದು ಕೇಳಿದಳು. ವಿಚಾರಿಸಿದೆ. ತೊಟ್ಟಿಲಣ್ಣ ಇನ್ನೂ ಇದ್ದಾರೆಂದೂ, ಎಂಬತ್ತೈದು ದಾಟಿದೆಯೆಂದೂ, ತೊಟ್ಟಿಲಿನ ಮರಗಳು ಅಟ್ಟದ ಮೇಲೆ ಹಾಗೆಯೇ ಇವೆಯೆಂದೂ ತಿಳಿಯಿತು. ಜೊತೆಗೆ ಇನ್ನೊಂದು ಸುದ್ದಿ: ಕಿರಾಲುಬೋಗಿಯ ಅಚ್ಚಿಗೆ ಮರದ ವ್ಯಾಪಾರಿಯೊಬ್ಬ ಒಳ್ಳೆಯ ಬೆಲೆ ಹೇಳಿದ್ದಾನೆ, ಮಗ ಕೊಡಲಿದ್ದಾನೆ. ನನ್ನ ಎದೆ ಧಸಕ್ಕೆಂದಿತು. ವಿಯೆನ್ನಾ, ಮಾರ್ಗೇಟುಗಳ ಕತೆಯನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಮೊಮ್ಮಗಳ ಕೈ ಹಿಡಿದುಕೊಂಡು, ಅದನ್ನು ಉಳಿಸಿಯೇ ಬರುತ್ತೇನೆಂದು ಹೊರಟೆ.

ಮಗನಿಗೆ ರಸ್ತೆಬದಿಯಲ್ಲಿ ವೆಲ್ಡಿಂಗ್ ಅಂಗಡಿ. ಮರ್ಯಾದೆಯಿಂದ ಕೂರಿಸಿದ, ಮಜ್ಜಿಗೆ ತರಿಸಿದ. ನಾನು ಭಾಷಣ ಮಾಡಿದೆ: ಇದು ಊರಿನ ಆಸ್ತಿ, ಮುಂದಿನ ಪೀಳಿಗೆ ನೋಡಬೇಕು, ಮತ್ತೆ ಹಬ್ಬದಲ್ಲಿ ನಿಲ್ಲಿಸಬೇಕು, ಹೀಗೆಲ್ಲ. ಅವನು ಕೊನೆಯವರೆಗೆ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: ‘ಹ್ವಾಯ್ ಮಾಷ್ಟ್ರೇ, ಕೂತವ್ರಿಗೆ ಗಮ್ಮತ್ತ್. ತಿರ್ಗ್ಸಿದವ್ರಿಗೆ ಎಂತ ಗಮ್ಮತ್ತ್? ಅಪ್ಪಯ್ಯನ ಬಲಗೈ ಭುಜದಿಂದ ಮೇಲೆ ಏಳುದಿಲ್ಲೆ. ಅಂಗಿ ನಾನ್ ಹಾಕ್ಸ್ಕ್.’

ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಐವತ್ತು ವರ್ಷಗಳಿಂದ ನಾನು ಆ ತೊಟ್ಟಿಲನ್ನು ನೆನೆದಿದ್ದೇನೆ. ನನ್ನ ಹೊಟ್ಟೆಯ ಝುಂ ಅನ್ನು ನೆನೆದಿದ್ದೇನೆ. ಮೇಲಿನಿಂದ ಕಂಡ ಹಬ್ಬದ ದೀಪಗಳನ್ನು ನೆನೆದಿದ್ದೇನೆ. ಬೆಳಗಿನಿಂದ ನಡುರಾತ್ರಿಯವರೆಗೆ ಜಗ್ಗಿದ ಆ ಭುಜವನ್ನು ಒಮ್ಮೆಯೂ ನೆನೆದಿರಲಿಲ್ಲ. ಮೇಲೆ ಕೂತು ‘ಜೋರು, ಇನ್ನೂ ಜೋರು’ ಎಂದು ಕೂಗಿದವರಲ್ಲಿ ನಾನೂ ಒಬ್ಬ. ಅದೂ ಪುಕ್ಕಟೆ ಕೂತವನು. ಹಳೆಯದರ ಹಂಬಲ ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಕೂತವರ ಹಂಬಲ, ಕೆಳಗೆ ನಿಂತವರದ್ದಲ್ಲ. ಈ ಮಾತು ನನಗೆ ಅರುವತ್ತು ದಾಟಿದ ಮೇಲೆ, ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತಿಳಿಯಿತು.

ಒಳಗೆ ಜಗಲಿಯಲ್ಲಿ ತೊಟ್ಟಿಲಣ್ಣ ಕುಳಿತಿದ್ದರು. ನನ್ನ ಪರಿಚಯ ಹೇಳಿದೆ. ಗುರುತು ಹತ್ತಲಿಲ್ಲ. ‘ತೂಕಕ್ಕೆ ಕೂತ ಮಾಣಿ’ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಹಿಂದಿನಂತೆಯೇ, ಒಮ್ಮೆ ನೋಡಿದರು. ಬೊಚ್ಚು ಬಾಯಿ ಅರಳಿತು. ‘ಈಗ ನಿನ್ನ ಎದುರಿಗೆ ಇಬ್ಬರನ್ನ ಕೂರಿಸ್ಕ್ ಮಾರಾಯಾ’ ಎಂದರು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ.

ನಾನು ಬಹಳ ದಿನದ ಅನುಮಾನವನ್ನು ಕೇಳಿಯೇ ಬಿಟ್ಟೆ: ಅಷ್ಟು ಸಲ ನಿಜವಾಗಿ ತೂಕ ಕಡಮೆ ಇತ್ತೇ? ಅವರು ಉತ್ತರ ಕೊಡಲಿಲ್ಲ. ‘ಮಜ್ಜಿಗೆ ಕುಡ್ದ್ಯಾ?’ ಎಂದು ಕೇಳಿದರು. ಅದೇ ಉತ್ತರವೆಂದು ನಾನು ತಿಳಿದುಕೊಂಡೆ.

ಅಚ್ಚನ್ನು ಮಾರುವ ವಿಷಯ ತೆಗೆದಾಗ ಅವರಿಗೆ ಬೇಸರವೇ ಕಾಣಲಿಲ್ಲ. ‘ಮರ ಇಟ್ಕಂಡ್ ಎಂತ ಮಾಡುದ್? ಕೊಡ್ಲಿ’ ಎಂದರು. ಆದರೆ ಮೊಮ್ಮಗಳು, ‘ಯಾರಾದರೂ ಬಿದ್ದಿದ್ದರಾ ಅಜ್ಜ?’ ಎಂದು ಕೇಳಿದಾಗ ಆ ಮುದುಕರ ಬೆನ್ನು ನೆಟ್ಟಗಾಯಿತು. ‘ಒಬ್ರೂ ಇಲ್ಲೆ’ ಎಂದರು. ಎಡಗೈ ಎತ್ತಿ ಮತ್ತೊಮ್ಮೆ ಹೇಳಿದರು: ‘ಇಪ್ಪತ್ತ್ ವರ್ಷ. ಒಬ್ರೂ ಇಲ್ಲೆ.’ ಆಮೇಲೆ ಅದು ಹೇಗೆಂದು ವಿವರಿಸಿದರು. ಬೆಳಿಗ್ಗೆ ಎದ್ದೊಡನೆ, ಚಾ ಕುಡಿಯುವ ಮೊದಲು, ಖಾಲಿ ತೊಟ್ಟಿಲನ್ನು ಒಂದು ಸುತ್ತು ತಿರುಗಿಸಿ ಕಣ್ಣು ಮುಚ್ಚಿ ಕೇಳುವುದು. ಕೀಲೆಣ್ಣೆ ಬೇಕಾದಾಗ ಅಚ್ಚಿನ ಸದ್ದು ಒಂದು ಬಗೆ. ಬೆಣೆ ಸಡಿಲವಾದಾಗ ಇನ್ನೊಂದು ಬಗೆ. ಪೆಟ್ಟಿಗೆಯ ಎಂಟು ಕೀಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುವುದು. ಕಣ್ಣಿಗೆ ಕಾಣದ ಸವೆತ ಬೆರಳಿಗೆ ಸಿಗುತ್ತದೆ. ಕುಡಿದು ಬಂದವರನ್ನು, ಎಷ್ಟೇ ದೊಡ್ಡವರಾಗಲಿ, ಹತ್ತಿಸುವುದಿಲ್ಲ. ಹೆದರಿ ಅಳುವ ಮಗು ಇದ್ದರೆ ದುಡ್ಡು ವಾಪಸು ಕೊಟ್ಟು ಇಳಿಸುವುದು. ಇಷ್ಟೇ ಅವರ ಶಾಸ್ತ್ರ. ಅದು ಯಾವ ಪುಸ್ತಕದಲ್ಲೂ ಇಲ್ಲ, ಅವರ ಬೆರಳಲ್ಲಿತ್ತು.

ನಾನು ಉಳಿಸಬೇಕೆಂದು ಹೊರಟದ್ದು ಮರವನ್ನು. ಉಳಿಯಬೇಕಾದದ್ದು ಇದು ಎಂದು ಆ ಜಗಲಿಯಲ್ಲಿ ಕುಳಿತಾಗ ಅನಿಸಿತು. ಕಬ್ಬಿಣ ಬಂತೆಂದು, ಮೋಟಾರು ಬಂತೆಂದು ದೂರಲು ಕಾರಣವಿಲ್ಲ. ಮೋಟಾರು ಒಬ್ಬ ಮನುಷ್ಯನ ಭುಜವನ್ನು ಉಳಿಸಿತು. ಅದು ಸಣ್ಣ ಮಾತಲ್ಲ. ಆದರೆ ಮೋಟಾರಿಗೆ ಕಿವಿಯಿಲ್ಲ, ಬೆರಳಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ ಲೋಲಕದಂತೆ ತೂಗುವ ಆಟದ ಯಂತ್ರವೊಂದು ಮುರಿದುಬಿದ್ದು ಇಬ್ಬರು ತೀರಿಕೊಂಡರು, ಹಲವರು ಗಾಯಗೊಂಡರು. ಯಂತ್ರ ದೊಡ್ಡದಾದಷ್ಟೂ ಬೆಳಿಗ್ಗೆ ಎದ್ದು ಕೀಲು ಮುಟ್ಟಿ ನೋಡುವವನ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಅಚ್ಚು ಮಾರಾಟವಾಯಿತು. ಆ ದುಡ್ಡಿನಲ್ಲಿ ಮನೆಯ ಮಾಡಿನ ರಿಪೇರಿಯಾಯಿತೆಂದು ಮಗ ಹೇಳಿದ; ಕೇಳಿ ನನಗೆ ಸಂತೋಷವೇ ಆಯಿತು. ನಾಲ್ಕು ಪೆಟ್ಟಿಗೆಗಳಲ್ಲಿ ಮೂರಕ್ಕೆ ಗೆದ್ದಲು ಹಿಡಿದಿತ್ತು. ನಾಲ್ಕನೆಯದನ್ನು ಅವನು ತನ್ನ ಟೆಂಪೊದಲ್ಲಿ ತಂದು ನನ್ನ ಜಗಲಿಯಲ್ಲಿ ಇಳಿಸಿದ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ‘ಅಪ್ಪಯ್ಯ ಹೇಳಿಯಾರ್, ತೂಕದ ಮಾಣಿಗೆ ಕೊಡ್ಕಂಬ್ರ್’ ಎಂದ. ಈಗ ಅದು ತಿರುಗುವುದಿಲ್ಲ, ತೂಗುವುದೂ ಇಲ್ಲ. ಮೊಮ್ಮಗಳು ಬಂದಾಗ ಅದರೊಳಗೆ ಕಾಲು ಮಡಚಿ ಕುಳಿತು ಪುಸ್ತಕ ಓದುತ್ತಾಳೆ. ಆ ಪೆಟ್ಟಿಗೆಯ ಅಂಚು, ಸಾವಿರಾರು ಕೈಗಳು ಹೆದರಿ ಹಿಡಿದ ಜಾಗದಲ್ಲಿ, ಎಣ್ಣೆ ಹಚ್ಚಿದಂತೆ ನುಣುಪಾಗಿದೆ. ಅದರಲ್ಲಿ ನನ್ನ ಕೈಯೂ ಇದೆ.

ಮೊನ್ನೆಯ ಹಬ್ಬದಲ್ಲಿ ಅವಳನ್ನು ಜಯಂಟ್ ವೀಲಿಗೆ ಕರೆದೊಯ್ದೆ. ಅದನ್ನು ನಡೆಸುವವನು ದೂರದ ಊರಿನ, ಭಾಷೆ ಬಾರದ ಹುಡುಗ. ಹತ್ತಿಸುವ ಮುನ್ನ ನಾನು ಬೋಲ್ಟುಗಳ ಕಡೆ ಕೈ ತೋರಿಸಿ, ನೋಡಿದೆಯಾ ಎಂದು ಸನ್ನೆ ಮಾಡಿದೆ. ಅವನು ಬೇಸರಿಸಿಕೊಳ್ಳಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಒಂದೊಂದು ಬೋಲ್ಟನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸಿದ. ಮುಖದಲ್ಲಿ ಎಂಥ ಅಭಿಮಾನ! ಅವನು ಯಾರ ಮಗನೋ, ಯಾರಿಂದ ಕಲಿತನೋ. ನಾನು ನೆಮ್ಮದಿಯಿಂದ ಕೆಳಗೆ ಬೆಂಚಿನ ಮೇಲೆ ಕೂತು ಮೊಮ್ಮಗಳ ಚಪ್ಪಲಿ ಕಾದೆ.

ತಾವೂ ಈ ಸಲ ಹಬ್ಬಕ್ಕೆ ಹೋಗುತ್ತೀರಿ, ಮಕ್ಕಳನ್ನು ತೊಟ್ಟಿಲು ಹತ್ತಿಸುತ್ತೀರಿ. ಅದು ಕಬ್ಬಿಣದ್ದೇ ಇರಲಿ. ಮೇಲೆ ಹೋದ ಮಕ್ಕಳನ್ನು ನೋಡಿ ಕೈ ಬೀಸಿದ ಮೇಲೆ, ಕೆಳಗೆ ನಿಂತು ತಿರುಗಿಸುವವನ ಕಡೆಗೂ ಒಮ್ಮೆ ನೋಡಿ. ಅವನಿಗೆ ಊಟವಾಯಿತೇ ಎಂದು ಕೇಳಿ. ಒಂದೆಡೆ ತೂಕ ಕಡಮೆಯಿದ್ದು, ದುಡ್ಡಿಲ್ಲದ ಹುಡುಗನೊಬ್ಬ ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ.